ಹಿರಿಯರ ಭೇಟಿಗೆ ನಾಯಿ: ಮೊದಲು ಉಗುರು ನೋಡಿ

ಹಿರಿಯರು ಮುಟ್ಟಿ ಸವರಿ ಖುಷಿಪಡಲೆಂದು ನಾಯಿಯನ್ನು ಅವರ ಬಳಿಗೆ ಕರೆದೊಯ್ಯುತ್ತೇನೆ. ಭೇಟಿಗೆ ಹೊರಡುವ ಹಿಂದಿನ ದಿನ ನಾನು ಮೊದಲು ಹಿಡಿಯುವುದು ನಾಯಿಯ ಪಾದ. ವಯಸ್ಸಾದವರ ಚರ್ಮ ತೀರಾ ತೆಳು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರಿಗಂತೂ ಸಣ್ಣ ಗೀರಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಉಗುರು ಕತ್ತರಿಸಿ ಹಾಗೇ ಬಿಟ್ಟರೆ ಅಂಚು ಮೊದಲಿಗಿಂತ ಹರಿತವಾಗುತ್ತದೆ. ಅರದಿಂದ ಉಜ್ಜಿ ದುಂಡಗೆ ಮಾಡಲೇಬೇಕು. ಮುಂಗಾಲಿನ ಒಳಬದಿಯಲ್ಲಿ ಮೇಲೆ ಇರುವ ಉಗುರು ನೆಲಕ್ಕೆ ತಾಗದ ಕಾರಣ ಸವೆಯುವುದಿಲ್ಲ. ಬಹಳ ಜನ ಮರೆಯುವುದು ಅದನ್ನೇ.

ಸ್ನಾನ 24 ಗಂಟೆಯೊಳಗೆ ಆಗಿರಬೇಕು. ರೇಬೀಸ್ ಲಸಿಕೆ, ಜಂತುಹುಳದ ಔಷಧಿ ಬಾಕಿ ಇರಬಾರದು. ಹಸಿ ಮಾಂಸ ತಿನ್ನುವ ನಾಯಿಯನ್ನು ಒಯ್ಯುವುದಿಲ್ಲ, ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಹರಡುವ ಅಪಾಯವಿದೆ. ವರ್ಷ ತುಂಬದ ಮರಿಯೂ ಬೇಡ.

ಕಲಿಸಬೇಕಾದ ಮಾತುಗಳಲ್ಲಿ 'ಬಿಡು' ಎಂಬುದೇ ಮುಖ್ಯ. ಹಿರಿಯರ ಕೋಣೆಯಲ್ಲಿ ಮಂಚದಡಿ ಬಿದ್ದ ಮಾತ್ರೆ ಅಪರೂಪವಲ್ಲ. ನಾಯಿ ಅದನ್ನು ಕ್ಷಣದಲ್ಲಿ ನುಂಗಿಬಿಡುತ್ತದೆ. ವಾಕರ್, ವೀಲ್‌ಚೇರ್‌ಗಳ ಸದ್ದೂ ಮೊದಲೇ ಪರಿಚಯವಾಗಿರಲಿ.

ಒಳಗೆ ಹೋದಮೇಲೆ ಪ್ರತಿಯೊಬ್ಬರನ್ನೂ ಕೇಳಿಯೇ ಹತ್ತಿರ ಹೋಗಬೇಕು. ಬೇಡವೆಂದರೆ ಒತ್ತಾಯವಿಲ್ಲ. ವೀಲ್‌ಚೇರಿನ ಬ್ರೇಕ್ ಹಾಕಿಸಿ, ಮುಂದಿನಿಂದಲ್ಲ, ಪಕ್ಕದಿಂದ ನಾಯಿಯನ್ನು ತರುತ್ತೇನೆ. ಪಾರ್ಶ್ವವಾಯು ಆದವರಿದ್ದರೆ ಕೈ ಚೆನ್ನಾಗಿ ಆಡುವ ಬದಿ. ಅವರು ಬಗ್ಗಬಾರದು, ನಾಯಿಯ ತಲೆಯೇ ಅವರ ಕೈಗೆ ಸಿಗಬೇಕು. ದೊಡ್ಡ ನಾಯಿ ಕೂತರೆ ತಲೆ ಕುರ್ಚಿಯ ಕೈಯ ಎತ್ತರಕ್ಕೆ ಬರುತ್ತದೆ. ಸಣ್ಣದಾದರೆ ಪಕ್ಕದ ಕುರ್ಚಿಯಲ್ಲಿ, ಇಲ್ಲವೇ ಮಡಿಚಿದ ಟವೆಲ್ ಹಾಸಿದ ತೊಡೆಯ ಮೇಲೆ ಮಲಗಿಸಬೇಕು, ನಿಲ್ಲಿಸಬಾರದು. ನಾಲ್ಕು ಕಿಲೋ ನಾಯಿಯ ಭಾರವೂ ಪುಟ್ಟ ಪಾದಗಳಲ್ಲಿ ಇಳಿದಾಗ ತೊಡೆ ಕಂದುಗಟ್ಟಬಹುದು. ಹಗ್ಗ ಗಿಡ್ಡವಾಗಿ ಸದಾ ನನ್ನ ಕೈಯಲ್ಲೇ. ಉದ್ದ ಬಿಟ್ಟರೆ ಚಕ್ರಕ್ಕೆ ಸುತ್ತಿಕೊಳ್ಳುತ್ತದೆ, ನಡೆಯುವವರ ಕಾಲಿಗೂ ತೊಡರುತ್ತದೆ.

ಮರೆವಿನ ಕಾಯಿಲೆ ಇರುವವರು ಕೆಲವೊಮ್ಮೆ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ಬಿಡುವುದೇ ಇಲ್ಲ. ಆಗ ನಾಯಿಯನ್ನು ಹಿಂದಕ್ಕೆ ಎಳೆದರೆ ಹಿಡಿತ ಇನ್ನಷ್ಟು ಬಿಗಿಯಾಗುತ್ತದೆ. ಬದಲಿಗೆ ನಾಯಿಯನ್ನು ಇನ್ನೂ ಹತ್ತಿರ ಸರಿಸಿ, ಅವರ ಕೈಮೇಲೆ ನನ್ನ ಕೈ ಇಟ್ಟು, ಇನ್ನೊಂದು ಕೈಗೆ ಮೆತ್ತನೆಯ ಬ್ರಷ್ ಕೊಡುತ್ತೇನೆ. ಗಮನ ಅತ್ತ ಹೋದಾಗ ಬೆರಳು ಸಡಿಲವಾಗುತ್ತವೆ. ಇದಕ್ಕೆ ಮನೆಯಲ್ಲೇ ಅಭ್ಯಾಸ ಬೇಕು: ಕೂದಲು ಸ್ವಲ್ಪ ಎಳೆಯುವುದು, ತಕ್ಷಣ ತಿಂಡಿ ಕೊಡುವುದು, ವಾರಗಟ್ಟಲೆ.

ನಾಯಿ ಮೂತಿ ನೆಕ್ಕಿಕೊಳ್ಳುವುದು, ನಿದ್ದೆ ಬಾರದೆಯೂ ಆಕಳಿಸುವುದು, ಮುಖ ತಿರುಗಿಸುವುದು, ಕಣ್ಣಿನ ಬಿಳಿ ಕಾಣುವುದು ಸುಸ್ತಿನ, ಕಿರಿಕಿರಿಯ ಗುರುತು. ಇವುಗಳಲ್ಲಿ ಎರಡು ಕಂಡರೆ ಹೊರಗೆ ಕರೆದೊಯ್ಯುತ್ತೇನೆ. ಇಂಥ ಭೇಟಿಗಳನ್ನು ನಡೆಸುವ ಅಮೆರಿಕದ ಪೆಟ್ ಪಾರ್ಟ್‌ನರ್ಸ್ ಸಂಸ್ಥೆಯ ಮಿತಿ ದಿನಕ್ಕೆ 2 ಗಂಟೆ. ನನಗೆ ಅದೂ ಜಾಸ್ತಿಯೇ ಅನ್ನಿಸುತ್ತದೆ, 45 ನಿಮಿಷ ಸಾಕು. ಬಾಲ ಆಡಿಸುತ್ತಿದೆ ಎಂದು ಮೋಸಹೋಗಬೇಡಿ, ಗಾಬರಿಯಾದ ನಾಯಿಯೂ ಬಾಲ ಆಡಿಸುತ್ತದೆ.

ಮುಟ್ಟುವ ಮೊದಲೂ ಆಮೇಲೂ ಎಲ್ಲರ ಕೈಗೆ ಸ್ಯಾನಿಟೈಸರ್. ಮುಖ, ಗಾಯ ನೆಕ್ಕಲು ಬಿಡುವುದಿಲ್ಲ. ಮುಂದಿನ ಸಲ ನಾಯಿ ಬಾಗಿಲಲ್ಲೇ ಹಿಂದೆ ಸರಿದರೆ ಒಳಗೆ ಎಳೆಯುವುದಿಲ್ಲ, ಅಂದಿನ ಭೇಟಿ ರದ್ದು.