ಆಸ್ಟರಿಸ್ಕ್‌ನಲ್ಲಿ ಕರೆಯನ್ನು ತಡೆಯದೆ ನಿಧಾನದ ಸ್ಕ್ರಿಪ್ಟ್ ಓಡಿಸುವ ಬಗೆ

ಆಸ್ಟರಿಸ್ಕ್ ಎಂಬ ಫೋನ್ ವಿನಿಮಯ ತಂತ್ರಾಂಶದ ಡಯಲ್‌ಪ್ಲಾನ್ (ಕರೆ ಬಂದಾಗ ಏನೇನು ಮಾಡಬೇಕೆಂಬ ಸೂಚನೆಗಳ ಪಟ್ಟಿ) ಒಂದು ಸಾಲು ಮುಗಿದ ಮೇಲೆಯೇ ಮುಂದಿನದಕ್ಕೆ ಹೋಗುತ್ತದೆ. ಆದ್ದರಿಂದ ಸಿಸ್ಟಮ್ ಆಜ್ಞೆಯ ಮೂಲಕ 8 ಸೆಕೆಂಡು ಹಿಡಿಯುವ ಸ್ಕ್ರಿಪ್ಟನ್ನು ಓಡಿಸಿದರೆ, ಫೋನ್ ಮಾಡಿದವರು ಅಷ್ಟು ಹೊತ್ತೂ ಏನೂ ಕೇಳಿಸದೆ ಕಾಯಬೇಕಾಗುತ್ತದೆ. ಸಂಪರ್ಕ ಕಡಿದಿದೆಯೆಂದು ತಿಳಿದು ಅವರು ಫೋನ್ ಇಟ್ಟರೆ ಆಶ್ಚರ್ಯವಿಲ್ಲ.

ಆಜ್ಞೆಯ ಕೊನೆಗೆ ‘&’ ಚಿಹ್ನೆ ಸೇರಿಸಿದರೆ ಶೆಲ್ (ಆಜ್ಞೆಗಳನ್ನು ಓಡಿಸುವ ತಂತ್ರಾಂಶ) ಆ ಕೆಲಸವನ್ನು ಹಿನ್ನೆಲೆಗೆ ತಳ್ಳಿ ತಕ್ಷಣ ಮರಳುತ್ತದೆ. ಜೊತೆಗೆ ಔಟ್‌ಪುಟ್ ಮತ್ತು ದೋಷ ಸಂದೇಶಗಳೆರಡನ್ನೂ ಲಾಗ್ ಕಡತಕ್ಕೆ ತಿರುಗಿಸಬೇಕು. ಎಜಿಐ ಸ್ಕ್ರಿಪ್ಟಿನಲ್ಲಂತೂ (ಕರೆಯ ನಡುವೆ ಆಸ್ಟರಿಸ್ಕ್ ಓಡಿಸುವ, ಅದಕ್ಕೆ ಸೂಚನೆ ಕೊಡಬಲ್ಲ ಹೊರಗಿನ ಸ್ಕ್ರಿಪ್ಟ್) ಇದನ್ನು ಮರೆಯಲೇಬಾರದು: ಆಸ್ಟರಿಸ್ಕ್ ಅದರೊಡನೆ ಪೈಪ್ (ಎರಡು ಪ್ರಕ್ರಿಯೆಗಳ ನಡುವೆ ಮಾಹಿತಿ ಸಾಗಿಸುವ ದಾರಿ) ಮೂಲಕ ಮಾತನಾಡುವುದರಿಂದ, ಹಿನ್ನೆಲೆಯ ಪ್ರಕ್ರಿಯೆ ಆ ಪೈಪನ್ನು ತೆರೆದೇ ಇಟ್ಟುಕೊಂಡರೆ ಮೂಲ ಸ್ಕ್ರಿಪ್ಟ್ ಮುಗಿದರೂ ಕರೆ ಅಲ್ಲಿಯೇ ನಿಲ್ಲುತ್ತದೆ.

ಕರೆ ಮಾಡಿದವರ ಸಂಖ್ಯೆಯನ್ನು ಸ್ಕ್ರಿಪ್ಟಿಗೆ ಕೊಡುವ ಮೊದಲು ಫಿಲ್ಟರ್ ಫಂಕ್ಷನ್ನಿನಿಂದ ಅಂಕಿಗಳನ್ನಷ್ಟೇ ಉಳಿಸಿಕೊಳ್ಳಿ, ಏಕೆಂದರೆ ಹೊರಗಿನಿಂದ ಬಂದ ಪಠ್ಯ ಶೆಲ್‌ನೊಳಗೆ ಆಜ್ಞೆಯಾಗಿಯೇ ಓಡಬಹುದು.

ಕರೆಗಳ ದಟ್ಟಣೆಯಿರುವಲ್ಲಿ ಪ್ರತಿ ಕರೆಗೊಂದು ಪ್ರಕ್ರಿಯೆ ಎಬ್ಬಿಸುವುದು ಸರ್ವರಿಗೆ ಭಾರ. ಅಲ್ಲಿ ಡಯಲ್‌ಪ್ಲಾನ್ ಒಂದು ಚಿಕ್ಕ ಕಡತವನ್ನಷ್ಟೇ ಬರೆಯಲಿ; ಪ್ರತ್ಯೇಕ ಸೇವೆಯೊಂದು ಅವುಗಳನ್ನು ಸರದಿಯಂತೆ ಎತ್ತಿಕೊಳ್ಳಲಿ. ಕಡತವನ್ನು ಅದೇ ಫೈಲ್ ಸಿಸ್ಟಮ್ಮಿನ ಬೇರೊಂದು ಫೋಲ್ಡರಿನಲ್ಲಿ ಪೂರ್ತಿ ಬರೆದ ನಂತರವೇ ಸರದಿಯ ಫೋಲ್ಡರಿಗೆ ಸರಿಸಿದರೆ, ಅರ್ಧ ಬರೆದದ್ದು ಸೇವೆಯ ಕೈಗೆ ಸಿಗುವುದಿಲ್ಲ.