ಮಂಡಿ ಉಳಿಸಿಕೊಂಡು ನೆಲದ ಕೆಲಸ ಮಾಡುವುದು ಹೇಗೆ?

ಟೈಲ್ಸ್ ಹಾಕುವವರು, ಕಂಬಿ ಕಟ್ಟುವವರು, ನೆಲಕ್ಕೆ ಗಾರೆ ಎಳೆಯುವವರು ಮಂಡಿ ನೋಯತೊಡಗಿದಾಗ ಮೊದಲು ಕೊಳ್ಳುವುದು ನೀ ಪ್ಯಾಡ್. ಅದನ್ನು ಕಟ್ಟಿಕೊಂಡು, ಮತ್ತೆ ಹಿಂದಿನಂತೆಯೇ ಹಿಮ್ಮಡಿಯ ಮೇಲೆ ಪೂರ್ತಿ ಕುಸಿದು ಗಂಟೆಗಟ್ಟಲೆ ಕೂರುತ್ತಾರೆ. ಪ್ಯಾಡ್ ತಡೆಯುವುದು ನೆಲದ ಒತ್ತನ್ನು ಮಾತ್ರ. ಮಂಡಿ ಎಷ್ಟು ಮಡಚಿದೆ, ಮಡಚಿದ ಮಂಡಿ ಎಷ್ಟು ತಿರುಚಿದೆ ಎಂಬುದು ಅದರ ಕೈಲಿಲ್ಲ. ಮಂಡಿ ಕೀಲು ಕೆಡುವುದು ಹೆಚ್ಚಾಗಿ ಇವೆರಡರಿಂದಲೇ. ಹಾಗಾಗಿ ಪ್ಯಾಡಿನ ಮಾತು ಆಮೇಲಿರಲಿ.

1. ಮೊದಲು ಕಾಲನ್ನು ಅಳೆಯಿರಿ

ಬೂಟು ಬಿಚ್ಚಿ ಗೋಡೆಗೆ ಮುಖ ಮಾಡಿ ನಿಲ್ಲಿ. ಒಂದು ಪಾದ ಮುಂದಿಟ್ಟು, ಹಿಮ್ಮಡಿ ನೆಲ ಬಿಡದ ಹಾಗೆ ಮಂಡಿ ಬಗ್ಗಿಸಿ ಗೋಡೆಗೆ ತಾಗಿಸಿ. ತಾಗಿತೇ? ಪಾದವನ್ನು ಇನ್ನಷ್ಟು ಹಿಂದೆ ಸರಿಸಿ ಮತ್ತೆ ತಾಗಿಸಿ. ಹಿಮ್ಮಡಿ ಏಳುವುದಕ್ಕೆ ಮುಂಚಿನ ಕೊನೆಯ ಜಾಗದಲ್ಲಿ ಹೆಬ್ಬೆರಳಿಗೂ ಗೋಡೆಗೂ ಎಷ್ಟು ದೂರ ಎಂದು ಟೇಪ್ ಹಿಡಿದು ನೋಡಿ. 10 ಸೆಂ.ಮೀ. ಆಸುಪಾಸು ಇದ್ದರೆ ಪಾದದ ಕೀಲು ಸಲೀಸಾಗಿದೆ. 6-7 ಸೆಂ.ಮೀ.ಗೇ ಹಿಮ್ಮಡಿ ಎದ್ದರೆ ನಿಮಗೆ ಪೂರ್ತಿ ಪಾದ ಊರಿ ಕುಕ್ಕರಗಾಲಲ್ಲಿ ಕೂರುವುದು ಕಷ್ಟ. ಗೊತ್ತಿಲ್ಲದೆಯೇ ತುದಿಗಾಲಿಗೆ ಬಂದು, ಮಂಡಿ ಚಿಪ್ಪಿನ ಮೇಲೆ ಭಾರ ಹಾಕಿರುತ್ತೀರಿ. ಪಾದವನ್ನು ಹೊರಕ್ಕೆ ತಿರುಗಿಸಿದರೆ, ಅಂಗಾಲಿನ ಕಮಾನನ್ನು ಒಳಕ್ಕೆ ಕುಸಿಯಲು ಬಿಟ್ಟರೆ ಅಳತೆ ಚೆನ್ನಾಗಿ ಬರುತ್ತದೆ, ಸುಳ್ಳಾಗಿ. ಎರಡೂ ಕಾಲು ಅಳೆಯಿರಿ. 2 ಸೆಂ.ಮೀ. ವ್ಯತ್ಯಾಸವಿದ್ದರೆ ಹಳೆಯ ಉಳುಕು ಪೂರ್ತಿ ಮಾಗಿಲ್ಲವೆಂದೇ ಅನುಮಾನಿಸಿ.

ಆಮೇಲೆ ಕುರ್ಚಿ ಪರೀಕ್ಷೆ. ಸುಮಾರು 43 ಸೆಂ.ಮೀ. ಎತ್ತರದ ಕುರ್ಚಿ, ಎದೆಯ ಮೇಲೆ ಕಟ್ಟಿದ ಕೈ, 30 ಸೆಕೆಂಡು. ಎಷ್ಟು ಸಲ ಪೂರ್ತಿ ನೆಟ್ಟಗೆ ಎದ್ದು ನಿಂತಿರಿ ಎಂದು ಎಣಿಸಿ. 60ರಿಂದ 64 ವಯಸ್ಸಿನ ಗಂಡಸರಲ್ಲಿ 14ಕ್ಕಿಂತ, ಹೆಂಗಸರಲ್ಲಿ 12ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಎಂಬ ಲೆಕ್ಕ. ಮೂವತ್ತರ ಹರೆಯದವರು ಈ ಗೆರೆಯನ್ನೇ ಮುಟ್ಟಲಾಗದಿದ್ದರೆ ತೊಡೆಗೆ ಬಲ ಬರುವವರೆಗೆ ನೆಲದ ಕೆಲಸ ಕಡಿಮೆ ಮಾಡಬೇಕು.

ಕಾಲು ಹುಟ್ಟಾ ಬಿಲ್ಲಿನಂತೆ ಹೊರಕ್ಕೆ ಬಾಗಿದ್ದರೆ ಮಂಡಿಯ ಒಳಬದಿಗೂ, ಮಂಡಿಗಳು ಒಂದಕ್ಕೊಂದು ತಾಗುವಂತಿದ್ದರೆ ಹೊರಬದಿಗೂ ಭಾರ ಹೆಚ್ಚು. ದೊಡ್ಡವರ ಮೂಳೆಯನ್ನು ಪಟ್ಟಿ ಕಟ್ಟಿ ನೆಟ್ಟಗೆ ಮಾಡಲಾಗದು. ‘ಕಾಲು ನೇರವಾಗಿಸುವ ಬೆಲ್ಟ್’ ಎಂದು ಮಾರುವುದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

2. ಮೇಲೆ ಆಗುವ ಕೆಲಸ ಮೇಲೇ ಆಗಲಿ

ಟೈಲು ಕತ್ತರಿಸುವುದು, ಗುರುತು ಹಾಕುವುದು, ಕಂಬಿಗಳನ್ನು ಸುತ್ತುವ ರಿಂಗ್ ಬಗ್ಗಿಸುವುದು ಇವೆಲ್ಲ ಸೊಂಟದೆತ್ತರದ ಬೆಂಚಿನ ಮೇಲೆ. ಸ್ಲ್ಯಾಬಿನ ಕಂಬಿ ಕಟ್ಟಲು ನಿಂತೇ ಬಳಸುವ ಉದ್ದ ಹಿಡಿಯ ಸಾಧನ ಸಿಗುತ್ತದೆ.

3. ಕೂರುವ ರೀತಿ

ಎಡವಟ್ಟಾಗುವುದೆಲ್ಲ ಇಲ್ಲೇ.

ನೆಲದ ಕೆಲಸಕ್ಕೆ ಒಂಟಿಮಂಡಿಯೇ ಸರಿ. ಒಂದು ಮಂಡಿ ನೆಲಕ್ಕೆ, ಇನ್ನೊಂದು ಕಾಲಿನ ಪಾದ ಮುಂದೆ ಚಪ್ಪಟೆಯಾಗಿ. ಮುಂದಿನ ಮಂಡಿ ಹೆಚ್ಚುಕಡಿಮೆ ಮೂಲೆಮಟ್ಟದಷ್ಟು, ಅಂದರೆ 90 ಡಿಗ್ರಿ, ಮಡಚಿರಲಿ. ನೆಲಕ್ಕೂರಿದ ಕಾಲಿನ ತೊಡೆ ನೆಟ್ಟಗಿರಬೇಕು, ಪೃಷ್ಠ ಹಿಮ್ಮಡಿಗೆ ತಾಗಕೂಡದು. ತಾಗಿತೆಂದರೆ ನೀವು ಸುಸ್ತಾಗಿದ್ದೀರಿ, ಏಳುವ ಹೊತ್ತಾಯಿತು. ಮುಂದಕ್ಕೆ ಬಾಗುವಾಗ ಖಾಲಿ ಕೈಯನ್ನು ನೆಲಕ್ಕೋ ಮುಂದಿನ ತೊಡೆಗೋ ಊರಿ. ಇಲ್ಲವಾದರೆ ಆ ಭಾರವನ್ನೂ ಸೊಂಟವೇ ಹೊರಬೇಕು.

ಕಾಲು ಬದಲಿಸಲು ಗಡಿಯಾರ ನೋಡುತ್ತಾ ಕೂರುವವರಿಲ್ಲ. ಅದನ್ನು ಕೆಲಸಕ್ಕೇ ಗಂಟು ಹಾಕಿ: ಒಂದು ಟೈಲು ಕೂತು, ರಸಮಟ್ಟ ಇಟ್ಟು ನೋಡಿದ ಕೂಡಲೇ ಇನ್ನೊಂದು ಮಂಡಿ. ಮೊದಮೊದಲು ಎಡಮಂಡಿ ಊರಿದಾಗ ಬಲಗೈ ಹಿಡಿತಕ್ಕೆ ಬರದು. ಕೆಲವೇ ದಿನಗಳಲ್ಲಿ ಒಗ್ಗುತ್ತದೆ.

ಇನ್ನು ತಿರುಗುವ ವಿಷಯ. ತೊಡೆಯ ಮೂಳೆಗೂ ಕಣಕಾಲಿನ ಮೂಳೆಗೂ ನಡುವೆ ಅರ್ಧಚಂದ್ರದ ಆಕಾರದ ಎರಡು ಮೆತ್ತೆಗಳಿವೆ. ಮಂಡಿ ಪೂರ್ತಿ ಮಡಚಿದಾಗ ಅವು ಹಿಂದಕ್ಕೆ ಸರಿದು ಮೂಳೆಗಳ ನಡುವೆ ಒತ್ತಿಕೊಂಡಿರುತ್ತವೆ. ಪಾದ ಊರಿದಲ್ಲೇ ಇದ್ದು, ಮೈ ಮಾತ್ರ ಪಕ್ಕಕ್ಕೆ ಹೊರಳಿದರೆ ಮೆತ್ತೆ ಸಿಕ್ಕಿಕೊಂಡು ಹರಿಯುತ್ತದೆ. ಭಾರ ಎತ್ತಬೇಕೆಂದೇನೂ ಇಲ್ಲ, ಹಿಂದಿಟ್ಟ ಬಾಂಡ್ಲಿಯಿಂದ ಒಂದು ಕರಣೆ ಗಾರೆ ತೆಗೆಯಲು ಹೊರಳಿದರೂ ಸಾಕು. ಆದ್ದರಿಂದ ಬಾಂಡ್ಲಿ, ಟೈಲುಗಳ ನಡುವೆ ಸಂದು ಬಿಡಲು ಇಡುವ ಸ್ಪೇಸರ್, ರಬ್ಬರ್ ಸುತ್ತಿಗೆ ಎಲ್ಲವೂ ಕಣ್ಣೆದುರಿಗೆ, ಮೊಣಕೈ ಚಾಚಿದರೆ ಸಿಗುವ ಜಾಗದಲ್ಲಿರಲಿ. ಭುಜದ ಮೇಲಿಂದ ತಿರುಗಿ ನೋಡಬೇಕಾದ ವಸ್ತು ತಪ್ಪು ಜಾಗದಲ್ಲಿದೆ ಎಂದೇ ಅರ್ಥ. ತಿರುಗಲೇಬೇಕೆಂದರೆ ಮಂಡಿ ಎತ್ತಿ, ಪಾದ ಸರಿಸಿ, ಆಮೇಲೆ ಮೈ ತಿರುಗಿಸಿ.

ಕುಕ್ಕರಗಾಲು ಪೂರ್ತಿ ಬೇಡವೆಂದಲ್ಲ, ಎರಡು ನಿಮಿಷದ ಕೆಲಸಕ್ಕೆ ಅಡ್ಡಿಯಿಲ್ಲ. ಪಾದದ ಕೀಲು ಬಿಗಿಯಿರುವವರು ಹಿಮ್ಮಡಿಯಡಿ 2-3 ಸೆಂ.ಮೀ. ದಪ್ಪದ ಹಲಗೆ ಚೂರು ಇಟ್ಟುಕೊಂಡರೆ ಹಿಮ್ಮಡಿಗೆ ಆಸರೆ ಸಿಗುತ್ತದೆ. ಹೊತ್ತು ಹಿಡಿಯುವ ಕೆಲಸಕ್ಕೆ 20-25 ಸೆಂ.ಮೀ. ಎತ್ತರದ ಗಟ್ಟಿ ಮಣೆ ಉತ್ತಮ. ಚಕ್ರದ ಸ್ಟೂಲು ಬೇಡವೇ ಬೇಡ. ಅದು ಜಾರದಂತೆ ತಡೆಯುವುದರಲ್ಲೇ ತೊಡೆ ಸೋಲುತ್ತದೆ.

ಕುಕ್ಕರಗಾಲಲ್ಲಿ ಇನ್ನೊಂದು ಅಪಾಯವಿದೆ. ಮಂಡಿಯ ಹೊರಬದಿಯಲ್ಲಿ, ತುಸು ಕೆಳಗೆ, ಗುಂಡಗಿನ ಮೂಳೆಯ ತುದಿ ಬೆರಳಿಗೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ಸ್ನಾಯುಗಳ ನರ ಅದನ್ನು ಬಳಸಿಕೊಂಡು ಚರ್ಮದಡಿಯಲ್ಲೇ ಇಳಿಯುತ್ತದೆ. ಬಹಳ ಹೊತ್ತು ಮಡಚಿ ಕೂತರೆ ಅದು ಅಮುಕಿ, ಕಣಕಾಲಿನ ಹೊರಭಾಗ ಮತ್ತು ಪಾದದ ಮೇಲ್ಭಾಗ ಜೋಮು ಹಿಡಿಯುತ್ತದೆ. ಎದ್ದು ನಿಂತ ಕೂಡಲೇ ಜೋಮು ಬಿಟ್ಟರೆ ಸರಿ. ನಡೆಯುವಾಗ ಪಾದದ ತುದಿ ನೆಲಕ್ಕೆ ಎಳೆದಂತಾದರೆ, ಹೆಬ್ಬೆರಳು ಮೇಲಕ್ಕೆ ಏಳದಿದ್ದರೆ ಅಟ್ಟಣಿಗೆ, ಏಣಿ ಹತ್ತಬೇಡಿ. ಅಂದೇ ವೈದ್ಯರಿಗೆ ತೋರಿಸಿ.

4. ಏಳುವುದು

ಒಂದು ಪಾದ ಮುಂದೆ, ಎರಡೂ ಕೈ ಆ ತೊಡೆಯ ಮೇಲೆ, ಒತ್ತಿ ಏಳಿ. ಕೈಯಲ್ಲಿ ಬಕೆಟ್ ಹಿಡಿದು ಏಳಬೇಡಿ. ಎದ್ದ ಮೇಲೆ ಎತ್ತಿಕೊಳ್ಳಿ.

5. ಈಗ ಪ್ಯಾಡ್

ಹೆಬ್ಬೆರಳಿನಿಂದ ಬಲವಾಗಿ ಒತ್ತಿ. ತಳ ಬೆರಳಿಗೆ ತಾಗಿದರೆ ಆ ಫೋಮ್ ನಿಮ್ಮ ಮೈಭಾರಕ್ಕೆ ಕಾಗದಕ್ಕೆ ಸಮ. ಮಂಡಿ ಚಿಪ್ಪಿನ ಜೊತೆಗೆ, ಅದರ ಕೆಳಗಿನ ಮೂಳೆಯ ಉಬ್ಬನ್ನೂ ಪ್ಯಾಡ್ ಮುಚ್ಚಬೇಕು, ಊರಿದಾಗ ಭಾರ ಹೊರುವುದು ಅದೇ. ಮಂಡಿಯ ಹಿಂದೆ ಕೊಯ್ಯುವ ತೆಳು ಪಟ್ಟಿಗಿಂತ ಪ್ಯಾಂಟಿನ ಜೇಬಿಗೆ ಸೇರಿಸುವ ಪ್ಯಾಡ್ ಮೇಲು. ಕಂಬಿ, ಮೊಳೆ ಇರುವ ಕಡೆ ಗಟ್ಟಿ ಚಿಪ್ಪಿನದು. ನುಣುಪು ಟೈಲಿನ ಮೇಲೆ ಅದು ಜಾರುತ್ತದೆ, ಅಲ್ಲಿ ಮೆತ್ತನೆಯದು. ನೀ ಪ್ಯಾಡಿಗೆಂದೇ ಇರುವ ಯುರೋಪಿನ ಇಎನ್ 14404 ಮಾನಕದ ಗುರುತಿದ್ದರೆ ನೋಡಿ ಕೊಳ್ಳಿ.

ಹಸಿ ಕಾಂಕ್ರೀಟಿನಲ್ಲಿ ಮಾತ್ರ ಬಟ್ಟೆಯ ಪ್ಯಾಡ್ ಹಾಕಿ ಮಂಡಿ ಊರಲೇಬೇಡಿ. ಸಿಮೆಂಟಿನ ನೀರು ತೀವ್ರ ಕ್ಷಾರ. ನೆನೆದ ಪ್ಯಾಡ್ ಅದನ್ನು ಚರ್ಮಕ್ಕೆ ಒತ್ತಿ ಹಿಡಿಯುತ್ತದೆ, ಉರಿ ಗೊತ್ತಾಗುವುದು ಗಂಟೆಗಳ ನಂತರ, ಅಷ್ಟರಲ್ಲಿ ಚರ್ಮ ಆಳಕ್ಕೆ ಸುಟ್ಟಿರುತ್ತದೆ. ನೀರು ಹೀರದ ಹಲಗೆ ಹಾಸಿಕೊಳ್ಳಿ. ಪ್ಯಾಂಟು ನೆನೆದರೆ ತಕ್ಷಣ ಬಿಚ್ಚಿ, ಧಾರಾಳ ನೀರಿನಲ್ಲಿ ತೊಳೆಯಿರಿ; ಊಟದ ಬಿಡುವಿನವರೆಗೆ ಕಾಯಬೇಡಿ.

6. ತಡಮಾಡದೆ ತೋರಿಸಬೇಕಾದದ್ದು

ಮಂಡಿ ಮಡಚಿದಲ್ಲೇ ಸಿಕ್ಕಿಕೊಂಡು ನೆಟ್ಟಗಾಗದಿದ್ದರೆ, ಮೆಟ್ಟಿಲಿಳಿಯುವಾಗ ಕುಸಿದಂತಾದರೆ, ತಿರುಚಿದ ದಿನವೇ ಊದಿದರೆ ಎಣ್ಣೆ ಹಚ್ಚಿ ತೀಡಿಸಬೇಡಿ, ಮೂಳೆ ವೈದ್ಯರ ಬಳಿ ಹೋಗಿ. ಚಿಪ್ಪಿನ ಮುಂದೆ ನೀರುಚೀಲದಂತೆ ಮೆತ್ತಗೆ ಊದಿ, ನೋವು ಹೆಚ್ಚಿಲ್ಲದಿದ್ದರೆ ಮಂಡಿಯೂರುವುದನ್ನು ನಿಲ್ಲಿಸಿದಾಗ ಸಾಮಾನ್ಯವಾಗಿ ಇಳಿಯುತ್ತದೆ. ಅದೇ ಊತ ಕೆಂಪಾಗಿ, ಬಿಸಿಯಾಗಿ, ಜ್ವರವೂ ಬಂದರೆ ಒಳಗೆ ಸೋಂಕು ತಗುಲಿರಬಹುದು; ಮರುದಿನಕ್ಕೆ ಬಿಡುವಂಥದ್ದಲ್ಲ.