ಬೆಳಗುವುದೆಲ್ಲ ಅಲ್ಬುಮಿನ್ ಅಲ್ಲ: ಎಎನ್‌ಎಸ್ ಪ್ರೋಬ್ ಬಳಸುವ ಬಗೆ

ಜುಲೈ ತಿಂಗಳಲ್ಲಿ ಶಿವಮೊಗ್ಗದ ನಮ್ಮ ಪ್ರಯೋಗಾಲಯದಲ್ಲಿ ಫ್ರಿಜ್‌ನಿಂದ ಹೊರತೆಗೆದ ಬಾಟಲಿ ಎರಡೇ ನಿಮಿಷದಲ್ಲಿ ಬೆವರುತ್ತದೆ. ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಪುಡಿಯ ಬಾಟಲಿಯನ್ನು ಆ ಗಳಿಗೆಯಲ್ಲಿ ತೆರೆದಿರೋ, ಪುಡಿ ಗಾಳಿಯ ತೇವ ಹೀರಿ ಚಮಚಕ್ಕೆ ಅಂಟಿಕೊಳ್ಳುತ್ತದೆ. ನೀವು ತೂಗಿದ ಹತ್ತು ಮಿಲಿಗ್ರಾಂನಲ್ಲಿ ಮಳೆಗಾಲದ ನೀರೂ ಸೇರಿರುತ್ತದೆ. ಆದ್ದರಿಂದ ಮೊದಲ ಕೆಲಸ ಕಾಯುವುದು. ಮುಚ್ಚಳ ಬಿಗಿಯಾಗಿರುವಂತೆಯೇ ಬಾಟಲಿಯನ್ನು ಮೇಜಿನ ಮೇಲಿಟ್ಟು, ಹೊರಗಿನ ಹನಿ ಪೂರ್ತಿ ಆರಿದ ಮೇಲೆ ತೆರೆಯಿರಿ.

ಪ್ರತಿದೀಪ್ತಿ, ಅಂದರೆ ಒಂದು ಬಣ್ಣದ ಬೆಳಕು ಹೀರಿ ಇನ್ನೊಂದು ಬಣ್ಣದಲ್ಲಿ ಬೆಳಗುವುದನ್ನು ಕಲಿಯಲು ಬರುವವರಿಗೆ ನಾನು ಅಲ್ಬುಮಿನ್‌ನಿಂದಲೇ ಪಾಠ ಶುರು ಮಾಡುತ್ತೇನೆ. ಅದನ್ನು ತಯಾರಿಸುವುದು ಯಕೃತ್ತು. ಆರೋಗ್ಯವಂತರ ರಕ್ತದಲ್ಲಿ ಡೆಸಿಲೀಟರ್‌ಗೆ ಸುಮಾರು 3.5ರಿಂದ 5 ಗ್ರಾಂ ಇರುತ್ತದೆ. ಯಕೃತ್ತು ಕಲೆಗಟ್ಟಿ ಗಡುಸಾಗುವ ಸಿರೋಸಿಸ್ ಕಾಯಿಲೆ ಮುಂದುವರಿದಂತೆ ಇಳಿಯುತ್ತದೆ. ಪ್ರೋಬ್ ಆಗಿ, ಅಂದರೆ ಪ್ರೋಟೀನನ್ನು ಬೆಳಗಿ ತೋರಿಸಲು, ಎಎನ್‌ಎಸ್ ಎಂಬ ಹಳೆಯ, ನಂಬಿಕಸ್ತ ಬಣ್ಣ ಸಾಕು. ನೀರಿನಲ್ಲಿ ಅದು ಹೆಚ್ಚುಕಡಿಮೆ ಕತ್ತಲು. ಅಲ್ಬುಮಿನ್‌ನ ಎಣ್ಣೆಯಂಥ ಒಳಪೊಟರೆಯಲ್ಲಿ ಕೂತರೆ ನೀಲಿ-ಹಸಿರಾಗಿ ಬೆಳಗುತ್ತದೆ.

ಪಿಎಚ್ 7.4ರ ಫಾಸ್ಫೇಟ್ ಬಫರ್‌ನಲ್ಲಿ (ಆಮ್ಲ-ಕ್ಷಾರದ ಮಟ್ಟ ಬದಲಾಗದಂತೆ ಕಾಯುವ ದ್ರಾವಣ) ಮಿಲಿಲೀಟರ್‌ಗೆ 1 ಮಿಲಿಗ್ರಾಂನಂತೆ ದನದ ಸೀರಂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ) ಅಲ್ಬುಮಿನ್ ಕರಗಿಸಿ. ಕುಲುಕಬೇಡಿ, ನೊರೆ ಬಂದರೆ ಪ್ರೋಟೀನ್ ಕೆಡುತ್ತದೆ; ತಾನಾಗಿ ಕರಗಲು ಬಿಡಿ. ತಕ್ಕಡಿಯನ್ನು ಮಾತ್ರ ನಂಬಿ ಕೂರದೆ 280 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ದ್ರಾವಣ ಎಷ್ಟು ಹೀರುತ್ತದೆಂದು ಅಳೆಯಿರಿ. 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ (ಬೆಳಕು ಹಾಯಿಸುವ ಪುಟ್ಟ ಚೌಕ ಪಾತ್ರೆ) ಸುಮಾರು 0.66 ಬರಬೇಕು. ಕಡಿಮೆ ಬಂದರೆ ಪುಡಿ ನೀರು ಕುಡಿದಿದೆ ಎಂದೇ ಅರ್ಥ. ನಿಮ್ಮ ಲೆಕ್ಕಕ್ಕೆ ಬಾಟಲಿಯ ತೂಕದ ಬದಲು ಈ ಅಂಕಿಯನ್ನು ಹಿಡಿಯಿರಿ. ಎಎನ್‌ಎಸ್ ಅನ್ನು 1 ಮಿಲಿಮೋಲಾರ್ ಮಾಡಿಕೊಳ್ಳಿ. ಅಮೋನಿಯಂ ಲವಣವಾದರೆ 10 ಮಿಲಿಲೀಟರ್‌ಗೆ ಸುಮಾರು 3.2 ಮಿಲಿಗ್ರಾಂ. ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿಡಿ.

ಕ್ಯುವೆಟ್‌ಗೆ 2 ಮಿಲಿಲೀಟರ್ ಬಫರ್, ಅದಕ್ಕೆ 40 ಮೈಕ್ರೋಲೀಟರ್ ಎಎನ್‌ಎಸ್. ಪ್ರೋಟೀನ್ ಇನ್ನೂ ಬೇಡ. 370 ನ್ಯಾನೋಮೀಟರ್‌ನ ಬೆಳಕು ಹಾಯಿಸಿ, ಹೊರಬರುವ ಬೆಳಕನ್ನು 400ರಿಂದ 600 ನ್ಯಾನೋಮೀಟರ್‌ವರೆಗೆ ಓದಿ. ಇದು ನಿಮ್ಮ ಬ್ಲ್ಯಾಂಕ್, ಹೋಲಿಸಿ ನೋಡಲು ಪ್ರೋಟೀನ್ ಇಲ್ಲದ ಅಳತೆ. 423ರ ಆಸುಪಾಸಿನಲ್ಲಿ ಸಣ್ಣ ಮೊನೆಯೊಂದು ಕಂಡರೆ ಗಾಬರಿಯಾಗಬೇಡಿ. ಅದು ನೀರು ಚದುರಿಸಿದಾಗ ಬಣ್ಣ ಬದಲಿಸಿಕೊಂಡ ರಾಮನ್ ಬೆಳಕು. ಪ್ರತಿದೀಪ್ತಿಯ ಪುಸ್ತಕದಲ್ಲಿ ಸರ್ ಸಿ.ವಿ. ರಾಮನ್ ಹೀಗೆ ದಿನವೂ ಎದುರಾಗುತ್ತಾರೆ, ನನಗೆ ಅದು ಖುಷಿ.

ಆದರೆ ಬ್ಲ್ಯಾಂಕ್‌ನಲ್ಲೇ 480ರ ಸುತ್ತ ದೊಡ್ಡ ಗುಡ್ಡ ಎದ್ದರೆ ಅಲ್ಲೇ ನಿಲ್ಲಿ. ಒಂದು ವರ್ಷ ವಿದ್ಯಾರ್ಥಿನಿಯೊಬ್ಬಳು ಓಡಿ ಬಂದು, “ಮೇಡಂ, ಪ್ರೋಟೀನ್ ಹಾಕುವ ಮುಂಚೆಯೇ ಹೊಳೆಯುತ್ತಿದೆ” ಎಂದಳು. ಹೊಸ ಬಫರ್, ಹೊಸ ಎಎನ್‌ಎಸ್, ಹೊಸ ನೀರು ಎಂದು ನಾವು ಒಂದು ವಾರ ಒದ್ದಾಡಿದೆವು. ಕೊನೆಗೆ ಕ್ಯುವೆಟ್ ಅನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಾಗ ಒಳಗೋಡೆಯ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುಪರೆ ಕಂಡಿತು. ಪಾತ್ರೆ ತೊಳೆಯುವ ಸೋಪಿನಿಂದ ಕ್ಯುವೆಟ್ ತೊಳೆಯಲು ಹೇಳಿದವಳು ನಾನೇ. ಸೋಪಿನ ಕಣಗಳು ಒಟ್ಟುಗೂಡಿ ಕಟ್ಟುವ ಪುಟ್ಟ ಉಂಡೆಗಳ ಒಳಗೂ ಎಣ್ಣೆಯಂಥ ಜಾಗವಿರುತ್ತದೆ; ಎಎನ್‌ಎಸ್ ಅಲ್ಲಿಯೂ ಬೆಳಗುತ್ತದೆ. ಅಂದಿನಿಂದ ನಮ್ಮಲ್ಲಿ ಪ್ರತಿ ಕ್ಯುವೆಟ್‌ಗೆ ಹತ್ತು ಸಲ ಶುದ್ಧ ನೀರು, ಒಮ್ಮೆ ಎಥೆನಾಲ್, ಮತ್ತೆ ನೀರು. ಹಿಡಿಯುವುದು ಮೇಲಿನ ಅಂಚಿನಲ್ಲಿ, ಏಕೆಂದರೆ ಈ ಕ್ಯುವೆಟ್‌ನ ನಾಲ್ಕೂ ಮೈ ಪಾರದರ್ಶಕ. ತಣ್ಣನೆಯ ಬಫರ್ ಹಾಕಿದರೆ ಹೊರಮೈ ಮಂಜಾಗುತ್ತದೆ, ಮಲೆನಾಡಿನಲ್ಲಿ ಅದನ್ನು ಮರೆಯಲೇಬಾರದು.

ಬ್ಲ್ಯಾಂಕ್ ಸರಿಬಂದ ಮೇಲೆ ಅಲ್ಬುಮಿನ್ ದ್ರಾವಣವನ್ನು ಒಟ್ಟು 5, 10, 20, 40 ಮೈಕ್ರೋಲೀಟರ್ ಆಗುವಂತೆ ಸೇರಿಸುತ್ತಾ, ಪ್ರತಿ ಸಲ ಮೆಲ್ಲನೆ ಬೆರೆಸಿ, ಎರಡು ನಿಮಿಷ ಬಿಟ್ಟು ಓದಿ. 470ರ ಬಳಿ ಬೆಳಕು ಏರುತ್ತಾ ಹೋಗಿ, ಈ ಮಿತಿಯಲ್ಲಿ ನೇರ ಗೆರೆಯೇ ಸಿಗುತ್ತದೆ. ಆ ಗೆರೆಯಿಂದ ಗೊತ್ತಿಲ್ಲದ ಮಾದರಿಯನ್ನು ಅಳೆಯಬಹುದು, ಆದರೆ ಅದು ಶುದ್ಧ ದ್ರಾವಣವಾಗಿದ್ದರೆ ಮಾತ್ರ. ಎಎನ್‌ಎಸ್ ಬೇರೆ ಪ್ರೋಟೀನ್‌ಗಳಿಗೂ ಅಂಟುತ್ತದೆ.

ಇನ್ನು ಕಾಮಾಲೆಯವರ ಸೀರಂ. ಅದನ್ನು ಹಳದಿ ಮಾಡುವ ಬಿಲಿರುಬಿನ್ ಅಲ್ಬುಮಿನ್‌ಗೇ ಅಂಟಿಕೊಂಡು ಸಾಗುತ್ತದೆ, ಅಂಟಿಕೊಂಡಾಗ ಸುಮಾರು 460 ನ್ಯಾನೋಮೀಟರ್‌ನ ಬೆಳಕನ್ನು ಹೀರುತ್ತದೆ. ಎಎನ್‌ಎಸ್ ಹೊರಸೂಸುವುದೂ ಅಲ್ಲೇ! ಪ್ರೋಬ್ ಕೊಟ್ಟ ಬೆಳಕನ್ನು ಬಿಲಿರುಬಿನ್ ನುಂಗುವುದರಿಂದ ಅಲ್ಬುಮಿನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಯಕೃತ್ತಿನ ಕಾಯಿಲೆಯನ್ನು ನೋಡಲು ಹೊರಟವರಿಗೆ ಆ ಕಾಯಿಲೆಯೇ ಅಡ್ಡ ನಿಲ್ಲುವುದು ಹೀಗೆ. ಇದೇ ಬಿಲಿರುಬಿನ್ ಕೂತಾಗ ಹಸಿರಾಗಿ ಬೆಳಗುವ ಯುನಾಜಿ ಎಂಬ ಪ್ರೋಟೀನನ್ನು ಜಪಾನಿನ ಹಾವುಮೀನಿನ ಸ್ನಾಯುವಿನಲ್ಲಿ ಕಂಡುಹಿಡಿದ ಸುದ್ದಿ 2013ರಲ್ಲಿ ಬಂತು. ಅಡ್ಡಿಯನ್ನೇ ಅಳತೆಗೋಲಾಗಿಸಿದ ಆ ಬುದ್ಧಿಗೆ ನಾನು ಇಂದಿಗೂ ತಲೆಬಾಗುತ್ತೇನೆ.

ದೇಹದೊಳಗಿನ ಯಕೃತ್ತನ್ನೇ ನೋಡಬೇಕಾದರೆ ನೀಲಿ ಬೆಳಕು ನಡೆಯುವುದಿಲ್ಲ. ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಬೆರಳಿಡಿ. ಬಿಳಿ ಬೆಳಕಿನಲ್ಲಿ ಕೆಂಪು ಮಾತ್ರ ಹಾದು ಬರುತ್ತದೆ, ಉಳಿದದ್ದರಲ್ಲಿ ಬಹುಪಾಲನ್ನು ರಕ್ತ ಹೀರುತ್ತದೆ. ಆದ್ದರಿಂದಲೇ ವೈದ್ಯರು ಇಂಡೋಸಯನಿನ್ ಗ್ರೀನ್ ಎಂಬ ಬಣ್ಣ ಬಳಸುತ್ತಾರೆ. ಅದು ಕೆಂಪಿನಾಚೆಯ, ಕಣ್ಣಿಗೆ ಕಾಣದ, ಸುಮಾರು 830 ನ್ಯಾನೋಮೀಟರ್‌ನ ಬೆಳಕು ಸೂಸುತ್ತದೆ. ರಕ್ತಕ್ಕೆ ಚುಚ್ಚಿದರೆ ಪ್ರೋಟೀನ್‌ಗಳಿಗೆ ಅಂಟಿ ಯಕೃತ್ತಿಗೆ ಹೋಗಿ ಪಿತ್ತದಲ್ಲಿ ಹೊರಬೀಳುತ್ತದೆ. 15 ನಿಮಿಷದ ನಂತರ ರಕ್ತದಲ್ಲಿ ಶೇ 10ಕ್ಕಿಂತ ಹೆಚ್ಚು ಉಳಿದಿದ್ದರೆ ಯಕೃತ್ತು ದಣಿದಿದೆ ಎಂದು ಲೆಕ್ಕ. ಇದು ಆಸ್ಪತ್ರೆಯ ಕೆಲಸ, ನಮ್ಮ ಮೇಜಿನದಲ್ಲ. ಅದರಲ್ಲಿ ಅಯೋಡೈಡ್ ಇರುವುದರಿಂದ ಅಲರ್ಜಿಯನ್ನು ಮೊದಲೇ ವಿಚಾರಿಸುತ್ತಾರೆ.

ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮುಂಚೆ ಕೊಟ್ಟರೆ ಯಕೃತ್ತಿನದೇ ಕ್ಯಾನ್ಸರ್ ಗಡ್ಡೆ ಆ ಬಣ್ಣವನ್ನು ಹಿಡಿದಿಟ್ಟುಕೊಂಡು ಕ್ಯಾಮೆರಾದಲ್ಲಿ ಹೊಳೆಯುತ್ತದೆ. ಬೇರೆಡೆಯಿಂದ ಹರಡಿ ಬಂದ ಗಡ್ಡೆಯಾದರೆ ಸುತ್ತಲೂ ಬಳೆಯಂತೆ ಹೊಳಪು ಕಾಣಬಹುದು. ಆದರೆ ಸಿರೋಸಿಸ್‌ನ ನಿರಪಾಯದ ಗಂಟುಗಳೂ ಕೆಲವೊಮ್ಮೆ ಹೊಳೆಯುತ್ತವೆ. ಆದ್ದರಿಂದ ಕತ್ತರಿಸಿ ತೆಗೆದ ಗಂಟನ್ನು ಸೂಕ್ಷ್ಮದರ್ಶಕದಡಿ ನೋಡಿದ ಮೇಲೆಯೇ ಅದು ಏನೆಂದು ವರದಿಯಲ್ಲಿ ಬರೆಯುತ್ತಾರೆ.